ಹನಿಹನಿಯಾಗಿ ಇಳಿಯುವ ಹೊಸ ಮಜ್ಜೆ

ಮಗುವಿಗೆ ಅಸ್ಥಿಮಜ್ಜೆಯ ಕಸಿ ಆಗಬೇಕು ಎಂದು ಡಾಕ್ಟರು ಹೇಳಿದರೆ ಹೆತ್ತವರ ಕಣ್ಣಮುಂದೆ ಬರುವುದು ಆಪರೇಷನ್ ಥಿಯೇಟರ್. ಆದರೆ ಕಸಿಯ ದಿನ ಮಗುವಿಗೆ ಕತ್ತರಿ ತಾಕುವುದಿಲ್ಲ. ಕೆಂಪು ದ್ರವದ ಚೀಲವನ್ನು ಸ್ಟ್ಯಾಂಡಿಗೆ ನೇತುಹಾಕಿ, ಎದೆಯ ಬಳಿ ಮೊದಲೇ ಕೂರಿಸಿದ ನಳಿಕೆಯ ಮೂಲಕ ಹನಿಸುತ್ತಾರೆ. ಚೀಲದೊಳಗಿನ ಕಾಂಡಕೋಶಗಳು ರಕ್ತದಲ್ಲಿ ಸಾಗಿ, ಮೂಳೆಯೊಳಗಿನ ಮಜ್ಜೆಗೆ ದಾರಿ ಕಂಡುಕೊಂಡು ಅಲ್ಲಿ ನೆಲೆಯೂರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಹೊಸ ರಕ್ತಕಣಗಳು ಹುಟ್ಟತೊಡಗುತ್ತವೆ. ಹನಿಸುವ ಕೆಲಸ ಕೆಲವೇ ಗಂಟೆಗಳದ್ದು. ಅದರ ಹಿಂದುಮುಂದಿನ ಕೆಲಸವೇ ದೊಡ್ಡದು.

ರಕ್ತದ ಕ್ಯಾನ್ಸರ್ ಬಂದ ಎಲ್ಲ ಮಕ್ಕಳಿಗೂ ಕಸಿ ಬೇಕಿಲ್ಲ. ಹೆಚ್ಚಿನ ಮಕ್ಕಳು ಕೀಮೋದಿಂದಲೇ ಗುಣವಾಗುತ್ತಾರೆ. ರೋಗ ಮರಳಿ ಬಂದಾಗ, ಇಲ್ಲವೇ ಮೊದಲಿನಿಂದಲೇ ಹಟಮಾರಿಯಾಗಿದ್ದಾಗ ಕಸಿಯ ಮಾತು ಬರುತ್ತದೆ. ಆಗ ಭಾರೀ ಪ್ರಮಾಣದ ಔಷಧಿ ಕೊಟ್ಟು ರೋಗದ ಮಜ್ಜೆಯನ್ನು ಬರಿದುಮಾಡಿ, ದಾನಿಯ ಕೋಶ ಕೊಡುತ್ತಾರೆ. ಆ ಕೋಶಗಳಿಂದ ಬೆಳೆಯುವ ಹೊಸ ರೋಗನಿರೋಧಕ ಪಡೆ ಅಳಿದುಳಿದ ಕ್ಯಾನ್ಸರ್ ಕೋಶಗಳನ್ನೂ ಹುಡುಕಿ ಕೊಲ್ಲುತ್ತದೆ. ನ್ಯೂರೋಬ್ಲಾಸ್ಟೋಮಾ, ಮರುಕಳಿಸಿದ ಹಾಡ್ಜ್‌ಕಿನ್ ಲಿಂಫೋಮಾದಂಥ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ ಮಗುವಿನದೇ ಕೋಶಗಳನ್ನು ತೆಗೆದು ಶೈತ್ಯದಲ್ಲಿಟ್ಟು, ಔಷಧಿಯ ನಂತರ ವಾಪಸು ಹನಿಸುತ್ತಾರೆ. ಕೋಶ ಕೆಡದಂತೆ ಬೆರೆಸಿದ ರಾಸಾಯನಿಕದಿಂದ ಆ ದಿನ ಕೋಣೆಯಲ್ಲೆಲ್ಲ ಬೆಳ್ಳುಳ್ಳಿಯಂಥ ವಾಸನೆ.

ಈ ಚಿಕಿತ್ಸೆಗೆ ದಾರಿ ಮಾಡಿದ ಡಾನಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ಭಾರತದ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಆಸ್ಪತ್ರೆಯಲ್ಲಿ. ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲಿ. ಕೋಲಾರ, ಮಾಲೂರಿನವರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೇ ಹತ್ತಿರ. ಅಲ್ಲೀಗ ಕಸಿ ಘಟಕವಿದೆ. ಮುಳಬಾಗಿಲಿನವರಿಗೆ ವೆಲ್ಲೂರೂ ದೂರವಲ್ಲ.

ಕಸಿಗೆ ಮುಂಚಿನ ದೊಡ್ಡ ಕೆಲಸ ದಾನಿಯನ್ನು ಹುಡುಕುವುದು. ರಕ್ತದ ಗುಂಪು ಹೊಂದಲೇಬೇಕೆಂದಿಲ್ಲ, ಆದರೆ ಕೋಶಗಳ ಮೇಲಿನ ಎಚ್‌ಎಲ್‌ಎ ಗುರುತುಗಳು ಹೊಂದಬೇಕು. ಒಡಹುಟ್ಟಿದ ಒಬ್ಬೊಬ್ಬರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಮನೆತನಗಳಲ್ಲಿ ಹತ್ತಿರದ ನೆಂಟರನ್ನೂ ಪರೀಕ್ಷಿಸಿ ನೋಡುವುದುಂಟು. ಯಾರೂ ಹೊಂದದಿದ್ದರೆ ಅರ್ಧ ಹೊಂದುವ ತಾಯಿ ಅಥವಾ ತಂದೆಯಿಂದಲೂ ಕಸಿ ಮಾಡಬಹುದು. ಇಲ್ಲವೇ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್‌ನಂಥ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ಹುಡುಕಬೇಕು. ಹದಿನೆಂಟು ತುಂಬಿದ ಆರೋಗ್ಯವಂತರು ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ಕೊಟ್ಟರೆ ಹೆಸರು ಸೇರುತ್ತದೆ. ಹೊಂದಿಕೆಯಾದರೆ, ಕೆಲವು ದಿನ ಇಂಜೆಕ್ಷನ್ ಪಡೆದು, ಪ್ಲೇಟ್‌ಲೆಟ್ ಕೊಡುವ ಹಾಗೆಯೇ ತೋಳಿನಿಂದ ಕೋಶ ಕೊಡುವುದೇ ಈಗ ಹೆಚ್ಚು ರೂಢಿ. ನಮ್ಮ ತಾಲ್ಲೂಕುಗಳ ಕಾಲೇಜು ಹುಡುಗ ಹುಡುಗಿಯರು ಇದಕ್ಕೆ ಮುಂದಾಗಲೇಬೇಕು.

ಆಮೇಲಿನ ಕೆಲಸ ಮನೆಯವರದು. ಮೊದಲ ನೂರು ದಿನ ಮಗುವಿನ ನಿರೋಧಕ ಶಕ್ತಿ ತೀರಾ ಕಡಿಮೆ. ಮಾಲೂರಿನ ಇಟ್ಟಿಗೆ ಗೂಡಿನ ಧೂಳು, ದನದ ಕೊಟ್ಟಿಗೆ, ಹಸಿ ಹಾಲು, ಕಾಯಿಸದ ನೀರು ಎಲ್ಲದರಿಂದಲೂ ದೂರವಿಡಬೇಕು. ಮಣ್ಣು, ಧೂಳಿನಲ್ಲಿರುವ ಬೂಷ್ಟು ಶ್ವಾಸಕೋಶಕ್ಕೆ ಮಾರಕವಾಗಬಲ್ಲದು. ಶ್ರೀನಿವಾಸಪುರದ ಮಾವನ್ನೂ ಡಾಕ್ಟರು ಒಪ್ಪಿದ ಮೇಲೆಯೇ, ತೊಳೆದು ಸಿಪ್ಪೆ ತೆಗೆದು ಕೊಡಬೇಕು. ಹಿಂದೆ ಹಾಕಿಸಿದ ಲಸಿಕೆಗಳ ಬಲ ಕಳೆದುಹೋಗಿರುವುದರಿಂದ ಮುಂದೆ ಅವನ್ನು ಹೊಸದಾಗಿ ಹಾಕಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬಾರದು. ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಅವರ ಚೀಟಿ ಹಿಡಿದು, ಆ ಕ್ಷಣವೇ ಕೋಲಾರದ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಇನ್ನಾವುದೇ ದೊಡ್ಡ ಆಸ್ಪತ್ರೆಗೋ ಹೊರಡಬೇಕು.