ಅಡಿಕೆ ಕೊಯ್ಲು: ಮರದಿಂದ ನೆಲಕ್ಕೆ, ಕೂಲಿಯಿಂದ ಆಸ್ತಿಗೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ತೋಟಗಳಲ್ಲಿ ಅಡಿಕೆ ಕೊಯ್ಲು ಬಹುಕಾಲ ಕೊನೆಗಾರನ ಕೌಶಲವನ್ನೇ ಅವಲಂಬಿಸಿತ್ತು. ಆತ ಒಂದು ಮರವನ್ನೇರಿ, ಅದನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತ, ಕೊನೆಗಳನ್ನು ಹಗ್ಗದ ಮೂಲಕ ಕೆಳಗಿಳಿಸುತ್ತಿದ್ದನು. ಕೈಜಾರಿದರೆ ಜೀವಕ್ಕೇ ಅಪಾಯ. ಈ ಕಸುಬಿಗೆ ಹೊಸಬರು ಬರುವುದು ವಿರಳವಾದಂತೆ ಮರವೇರುವ ಯಂತ್ರಗಳು ಬಂದವು. ಬಳಿಕ, ನೆಲದಲ್ಲಿ ನಿಂತೇ ಕೊಯ್ಯಬಲ್ಲ ಹಗುರವಾದ ಕಾರ್ಬನ್ ಫೈಬರ್ ದೋಟಿ. ಬೀಳುವ ಭಯವೇನೋ ತಪ್ಪಿತು. ಆದರೆ ಕಾರ್ಬನ್ ವಿದ್ಯುದ್ವಾಹಕ; ತಂತಿ ಹಾದುಹೋಗಿರುವ ತೋಟದಲ್ಲಿ ದೋಟಿಯೇ ಪ್ರಾಣಕ್ಕೆ ಎರವಾಗಬಲ್ಲದು.

ಲೆಕ್ಕಪತ್ರದಲ್ಲಿಯೂ ಬದಲಾವಣೆಯಾಗಿದೆ. ಹಿಂದೆ ಕೂಲಿಯೆಂದು ಬರೆಯುತ್ತಿದ್ದ ವೆಚ್ಚದ ಒಂದು ಭಾಗ ಈಗ ಆಸ್ತಿ. ತೋಟದ ಮಾಲೀಕರ ಕೃಷಿ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಫಸಲನ್ನಷ್ಟೇ ಚೇಣಿಗೆ ಪಡೆದ ವರ್ತಕರ ಲಾಭವಾದರೋ ವ್ಯಾಪಾರದ ಆದಾಯ. ಅಂಥವರು ದೋಟಿಯ ಬೆಲೆಯನ್ನು ಒಂದೇ ವರ್ಷದ ಖರ್ಚೆಂದು ತೋರಿಸದೆ, ಯಂತ್ರೋಪಕರಣವೆಂದು ಶೇಕಡಾ 15ರ ಸವಕಳಿಯನ್ನು ಪಡೆಯತಕ್ಕದ್ದು. ಕೊಂಡ ವರ್ಷದಲ್ಲಿ ಬಳಕೆಯ ಅವಧಿ 180 ದಿನಗಳಿಗಿಂತ ಕಡಿಮೆಯಾದರೆ ಅದರ ಅರ್ಧ ಮಾತ್ರ ದೊರೆಯುತ್ತದೆ. ಕೊಯ್ಲು ಬಿರುಸಾದ ಮೇಲೆ ನವೆಂಬರಿನಲ್ಲಿ ಅವಸರದಿಂದ ಕೊಳ್ಳುವವರಿಗೆ ಅರ್ಧವೇ ಗತಿ. ಸೆಪ್ಟೆಂಬರಿನಲ್ಲಿಯೇ ಕೊಂಡು ಬಳಕೆಗೆ ತಂದವರಿಗೆ ಪೂರ್ಣ ಸವಕಳಿ.