ಗ್ರಂಥಸೂಚಿಯ ಪರದೆಯಲ್ಲಿ ‘ನೋಡಿ’ ಎನ್ನುವ ಕೊಂಡಿ

ಕಾಲೇಜಿನ ಗ್ರಂಥಾಲಯದಲ್ಲಿ ಗಣಕದ ಮುಂದೆ ಕುಳಿತು ನೀವು ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ವನ್ನು ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಲೇಖಕರ ಹೆಸರಿನ ಜಾಗದಲ್ಲಿ ‘ಶಿವರಾಮ ಕಾರಂತ’ ಎಂದು ಟೈಪ್ ಮಾಡುತ್ತೀರಿ. ಆದರೆ ಸೂಚಿಯಲ್ಲಿ ಹೆಸರನ್ನು ರೋಮನ್ ಲಿಪಿಯಲ್ಲಷ್ಟೇ ದಾಖಲಿಸಿದ್ದಾರೆ. ಪರದೆಯ ಮೇಲೆ ‘ದೊರೆತ ದಾಖಲೆಗಳು: 0’ ಎಂದು ಮೂಡುತ್ತದೆ. ಪುಸ್ತಕ ಹತ್ತು ಹೆಜ್ಜೆ ದೂರದ ಕಪಾಟಿನಲ್ಲೇ ಇದೆ! ನೀವು ಇಲ್ಲವೆಂದು ನಂಬಿ ಎದ್ದು ಬರುತ್ತೀರಿ. ಗಣಕ ಹೇಳಿದ್ದು ‘ನೀವು ಕೊಟ್ಟ ಅಕ್ಷರಗಳು ನನ್ನಲ್ಲಿಲ್ಲ’ ಎಂದಷ್ಟೇ. ನಿಮಗೆ ಕೇಳಿಸಿದ್ದು ‘ಪುಸ್ತಕವಿಲ್ಲ’ ಎಂದು.

ಹಳೆಯ ಕಾರ್ಡ್ ಸೂಚಿಯಲ್ಲಿ ಇದಕ್ಕೊಂದು ಪರಿಹಾರವಿತ್ತು. ಅಮೆರಿಕದ ಚಾರ್ಲ್ಸ್ ಕಟರ್ 1876ರಲ್ಲಿ ಗ್ರಂಥಸೂಚಿಯ ನಿಯಮಗಳನ್ನು ಪ್ರಕಟಿಸಿದಾಗ ‘ನೋಡಿ’, ‘ಇದನ್ನೂ ನೋಡಿ’ ಎಂಬ ನಿರ್ದೇಶನಗಳಿಗೆ ಅದರಲ್ಲಿ ಮುಖ್ಯ ಸ್ಥಾನ ಕೊಟ್ಟಿದ್ದರು. ‘ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ’ ಎಂಬ ಕಾರ್ಡ್ ಸಿಕ್ಕರೆ ನೀವು ಆ ಡ್ರಾಯರ್ ಮುಚ್ಚಿ ‘ಕ’ ಅಕ್ಷರದ ಡ್ರಾಯರ್ ತೆರೆಯುತ್ತಿದ್ದಿರಿ. 1965ರಲ್ಲಿ ಟೆಡ್ ನೆಲ್ಸನ್ ‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು ಬಳಕೆಗೆ ತಂದರು. ಒಂದು ಬರಹದಿಂದ ಇನ್ನೊಂದಕ್ಕೆ ಕೊಂಡಿಯ ಮೂಲಕ ಜಿಗಿಯಬಲ್ಲ ಪಠ್ಯ ಅದು. ಕಟರ್‌ನ ಕಾರ್ಡ್ ಮಾಡುತ್ತಿದ್ದುದೂ ಅದೇ ಅಲ್ಲವೇ? ನಡೆಯುವ ಕೆಲಸ ಮಾತ್ರ ಓದುಗನ ಕಾಲಿಗೆ ಬಿದ್ದಿತ್ತು.

1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಅವರ ನೇತೃತ್ವದಲ್ಲಿ ಕಾರ್ಡಿನ ವಿವರಗಳನ್ನು ಗಣಕ ಓದಬಲ್ಲ ‘ಮಾರ್ಕ್’ ಎಂಬ ವಿನ್ಯಾಸ ರೂಪುಗೊಂಡಿತು. ಮುಂದೆ ಸೂಚಿ ಪರದೆಗೆ ಬಂದಾಗ ಅನೇಕ ಕಡೆ ಆದದ್ದು ಇಷ್ಟೇ: ಕಾರ್ಡಿನ ಚಿತ್ರ ಗಾಜಿನ ಹಿಂದೆ ಕುಳಿತಿತು. ಗಣಕ ಸೂಚಿ ಏಕೆ ಕಷ್ಟ ಎಂದು 1986ರಲ್ಲಿ ಪ್ರಬಂಧ ಬರೆದ ಕ್ರಿಸ್ಟೀನ್ ಬೋರ್ಗ್‌ಮನ್, ಹತ್ತು ವರ್ಷಗಳ ನಂತರ ಅದು ‘ಇನ್ನೂ’ ಏಕೆ ಕಷ್ಟ ಎಂದು ಮತ್ತೊಂದು ಪ್ರಬಂಧ ಬರೆಯಬೇಕಾಯಿತು.

ನಾವು ಹುಡುಕುವ ರೀತಿಯನ್ನು 1989ರಲ್ಲಿ ಮಾರ್ಸಿಯಾ ಬೇಟ್ಸ್ ಕಾಡಿನಲ್ಲಿ ಹಣ್ಣು ಆಯುವುದಕ್ಕೆ ಹೋಲಿಸಿದರು. ಒಂದು ಪೊದೆಯಲ್ಲಿ ನಾಲ್ಕು ಹಣ್ಣು ಸಿಗುತ್ತವೆ. ಅಲ್ಲಿಂದ ಇನ್ನೊಂದು ಪೊದೆ ಕಾಣುತ್ತದೆ. ಗ್ರಹಣದ ಬಗ್ಗೆ ಪುಸ್ತಕ ಹುಡುಕುತ್ತ ಬಂದವನಿಗೆ ಚಂದ್ರನ ಚಲನೆ ಬೇಕೆನಿಸಬಹುದು. ಆದ್ದರಿಂದ ಒಂದು ಪುಸ್ತಕದ ದಾಖಲೆಯಲ್ಲಿರುವ ಲೇಖಕ, ವಿಷಯ, ಮಾಲೆ ಎಲ್ಲವೂ ಕೊಂಡಿಗಳಾಗಿರಬೇಕು. ವರ್ಗಸಂಖ್ಯೆಯೂ ಕೊಂಡಿಯಾಗಬೇಕೆಂಬುದು ನನ್ನ ಒತ್ತಾಯ. ಅದನ್ನು ಒತ್ತಿದರೆ ಕಪಾಟಿನಲ್ಲಿ ಆ ಪುಸ್ತಕದ ಎಡಬಲಕ್ಕೆ ಏನಿದೆಯೋ ಅದು ಕಾಣಬೇಕು. ವರ್ಗೀಕರಣ ಇರುವುದೇ ಒಂದೇ ವಿಷಯದ ಪುಸ್ತಕಗಳು ಅಕ್ಕಪಕ್ಕ ಕೂರಲೆಂದು. ಓದುಗನ ಸಮಯ ಉಳಿಸಿ ಎಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ.

ಕೊಂಡಿ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ‘ಇಲ್ಲಿ ಕ್ಲಿಕ್ಕಿಸಿ’ ಎಂಬ ಹತ್ತು ಕೊಂಡಿಗಳಿಗಿಂತ ‘ಇದೇ ಲೇಖಕರ ಇತರ ಪುಸ್ತಕಗಳು’ ಎಂಬ ಒಂದು ಕೊಂಡಿ ಉಪಯುಕ್ತ. ಹಿಂದಿನ ಪುಟಕ್ಕೆ ಮರಳಿದಾಗ ಹುಡುಕಾಟದ ಫಲಿತಾಂಶ ಅಲ್ಲೇ ಇರಬೇಕು. ಇದು ಸಣ್ಣ ಮಾತೆನಿಸಬಹುದು. ಮೂರು ಬಾರಿ ಮೊದಲಿನಿಂದ ಟೈಪ್ ಮಾಡಿದವರನ್ನು ಕೇಳಿ ನೋಡಿ.

ಕನ್ನಡದ ಸೂಚಿಗೆ ಇನ್ನೊಂದು ತೊಡಕಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ‘ಐನ್‌ಸ್ಟೈನ್’ ಎಂದು ಬರೆಯುವಾಗ ‘ನ್’ ಮತ್ತು ‘ಸ್ಟೈ’ ಒತ್ತಕ್ಷರವಾಗಿ ಬೆರೆಯದಂತೆ ನಡುವೆ ಒಂದು ಅದೃಶ್ಯ ಸಂಕೇತವನ್ನು ಸೇರಿಸುತ್ತೇವೆ. ಯೂನಿಕೋಡ್‌ನಲ್ಲಿ ಅದಕ್ಕೂ ಸ್ವಂತ ಸಂಖ್ಯೆಯಿದೆ. ದಾಖಲೆಯಲ್ಲಿ ಅದು ಇದ್ದು ನೀವು ಟೈಪ್ ಮಾಡಿದ್ದರಲ್ಲಿ ಇಲ್ಲದಿದ್ದರೆ ಗಣಕಕ್ಕೆ ಅವು ಎರಡು ಬೇರೆ ಪದಗಳು. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನೂ ಒಂದೇ ಸಂಕೇತವಾಗಿ ಇಲ್ಲವೇ ಎರಡು ಸಂಕೇತಗಳ ಜೋಡಿಯಾಗಿ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಹಾಗಾಗಿ ಹೋಲಿಸುವ ಮೊದಲು ತಂತ್ರಾಂಶವು ಎರಡೂ ಕಡೆಯ ಅಕ್ಷರಗಳನ್ನು ಒಂದೇ ರೂಪಕ್ಕೆ ತರಬೇಕು, ಅದೃಶ್ಯ ಸಂಕೇತಗಳನ್ನು ಬದಿಗಿಡಬೇಕು. ಕನ್ನಡ, ರೋಮನ್ ಎರಡೂ ಲಿಪಿಗಳ ಹೆಸರುಗಳನ್ನೂ ಕಾವ್ಯನಾಮಗಳನ್ನೂ ಒಂದೇ ವ್ಯಕ್ತಿಯ ದಾಖಲೆಗೆ ಜೋಡಿಸಬೇಕು. ‘ಅಂಬಿಕಾತನಯದತ್ತ’ ಎಂದು ಕೇಳಿದರೂ ಬೇಂದ್ರೆಯವರ ಪುಸ್ತಕಗಳೆಲ್ಲ ಬರಬೇಕು.

ಇದು ದೊಡ್ಡ ಗ್ರಂಥಾಲಯಗಳಿಗಷ್ಟೇ ಸಾಧ್ಯವಾದ ಕೆಲಸವಲ್ಲ. 2000ದಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯದಲ್ಲಿ ಬಳಕೆಗೆ ಬಂದ ‘ಕೋಹಾ’ ಮುಕ್ತ ತಂತ್ರಾಂಶ. ಭಾರತದ ಅನೇಕ ಗ್ರಂಥಾಲಯಗಳು ಅದನ್ನು ಬಳಸುತ್ತವೆ. ಅದರಲ್ಲಿ ಲೇಖಕರ ಪರ್ಯಾಯ ಹೆಸರುಗಳನ್ನು ಸೇರಿಸಲು ವ್ಯವಸ್ಥೆಯಿದೆ.

ನೀವು ಅಧ್ಯಾಪಕರಾಗಿದ್ದರೆ ಒಂದು ಪ್ರಯೋಗ ಮಾಡಿ. ಐದು ವಿದ್ಯಾರ್ಥಿಗಳಿಗೆ ಒಂದೊಂದು ಪುಸ್ತಕ ಹುಡುಕಲು ಹೇಳಿ, ಹಿಂದೆ ನಿಂತು ಸುಮ್ಮನೆ ನೋಡಿ. ಸಹಾಯ ಮಾಡಬೇಡಿ (ಕಷ್ಟ, ಆದರೂ). ‘0’ ಬಂದಾಗಲೆಲ್ಲ ಅವರು ಟೈಪ್ ಮಾಡಿದ ಪದವನ್ನು ಅವರ ಕಾಗುಣಿತದಲ್ಲೇ ಬರೆದುಕೊಳ್ಳಿ. ಆ ಪಟ್ಟಿಯನ್ನು ಗ್ರಂಥಪಾಲಕರಿಗೆ ಕೊಡಿ. ಸೂಚಿಗೆ ಯಾವ ‘ನೋಡಿ’ಗಳನ್ನು ಸೇರಿಸಬೇಕೆಂದು ಅವರಿಗೆ ಆ ಹಾಳೆಯಿಂದಲೇ ತಿಳಿಯುತ್ತದೆ.