ಕೂಡುರಸ್ತೆಯಲ್ಲಿ ಎಣಿಕೆಗೆ ಬಾರದವರು

ದಾರಿಗಳು ಕೂಡುವ ಎಡೆಗೆ ಶೃಂಗಾಟಕವೆಂದೂ ಚತುಷ್ಪಥವೆಂದೂ ಅಮರಕೋಶದಲ್ಲಿ ಹೆಸರುಂಟು. ಕನ್ನಡಿಗರು ಇದನ್ನು ನಾಲ್ದಾರಿ, ಕೂಡುದಾರಿ, ಕವಲುದಾರಿ ಎಂದು ಕರೆದರು. ಈಚೆಗೆ ಸರ್ಕಲ್ಲು, ಗೇಟು ಎಂಬ ಮಾತುಗಳೂ ನಮ್ಮವೇ ಆಗಿಹೋಗಿವೆ. ಎಚ್.ಡಿ. ಕೋಟೆಯ ಬಳಿ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಸ್ಥಳವಿದೆ. ದಿಕ್ಕು ತೋರಿಸುವ ಕೈಮರಕ್ಕೆ ಆಂಗ್ಲರಲ್ಲಿದ್ದ ಹೆಸರೇ ಇಲ್ಲಿ ಸ್ಥಳನಾಮವಾಗಿ ನೆಲೆನಿಂತಿದೆ. ದಾರಿ ಕೂಡಿದಲ್ಲಿ ಜನ ನಿಲ್ಲುತ್ತಾರೆ, ಜನ ನಿಂತಲ್ಲಿ ಚಹದ ಅಂಗಡಿ ಹುಟ್ಟುತ್ತದೆ, ಕಡೆಗೆ ಊರೇ ಬೆಳೆಯುತ್ತದೆ. ಕೂಡುರಸ್ತೆಯು ವಾಹನಗಳು ಹಾದುಹೋಗುವ ಸ್ಥಳ ಮಾತ್ರವಲ್ಲ, ಜನರು ನಿಲ್ಲುವ ಸ್ಥಳವೂ ಹೌದು. ಆದರೆ ಅದನ್ನು ಅಗಲಿಸಿ ಸುಧಾರಿಸಲು ಹೊರಟಾಗ ಮೊದಲು ಮರೆತುಹೋಗುವುದು ಈ ಎರಡನೆಯ ಸಂಗತಿಯೇ.

ಪಿರಿಯಾಪಟ್ಟಣಕ್ಕೆ ಈ ವಿಚಾರ ದೂರದ್ದಲ್ಲ. ಪಕಾರವು ಹಕಾರವಾಗುವ ಮುನ್ನಿನ ರೂಪವನ್ನು ಹೆಸರಿನಲ್ಲಿ ಇಂದಿಗೂ ಉಳಿಸಿಕೊಂಡಿರುವ ಈ ಊರು, ಬೆಂಗಳೂರು–ಮೈಸೂರು–ಮಡಿಕೇರಿ ಮಾರ್ಗವಾದ 275ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಕೊಡಗಿಗೆ ಹೋಗುವ ಪ್ರವಾಸಿಯ ಕಾರು, ಬೆಟ್ಟದಪುರದ ಕಡೆಯಿಂದ ಬರುವ ಹಳ್ಳಿಯ ಬಸ್ಸು, ಶುಂಠಿ ತುಂಬಿದ ಲಾರಿ, ತಂಬಾಕಿನ ಬೇಲು ಹೊತ್ತ ಟ್ರ್ಯಾಕ್ಟರು, ಬೈಲುಕುಪ್ಪೆಯ ಟಿಬೆಟನ್ ನೆಲೆಯ ನಿವಾಸಿಗಳು, ಶಾಲೆಗೆ ನಡೆದು ಹೋಗುವ ಮಕ್ಕಳು ಎಲ್ಲರಿಗೂ ಅದೇ ದಾರಿ ಬೇಕು. ಮೈಸೂರಿನಿಂದ ಕುಶಾಲನಗರದವರೆಗಿನ ಸುಮಾರು 92 ಕಿಲೋಮೀಟರಿನ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಶಂಕುಸ್ಥಾಪನೆಯಾಯಿತು. ದೂರ ಹೋಗುವ ವಾಹನಗಳಿಗೆ ಹೊಸ ದಾರಿ ಒದಗಿದಾಗ ಊರೊಳಗಿನ ಹಳೆಯ ರಸ್ತೆ ಯಾರದಾಗಬೇಕು, ಅದರ ಕೂಡುಗಳನ್ನು ಯಾರಿಗಾಗಿ ತಿದ್ದಬೇಕು ಎಂಬ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳುವುದು ಯುಕ್ತ.

ಈ ಪ್ರಶ್ನೆಯನ್ನು ತಡವಾಗಿ ಕೇಳಿದರೆ ಆಗುವುದೇನೆಂಬುದನ್ನು ಅದೇ ದಿನ ಲೋಕಾರ್ಪಣೆಗೊಂಡ ಬೆಂಗಳೂರು–ಮೈಸೂರು ದಶಪಥವು ತೋರಿಸಿಕೊಟ್ಟಿದೆ. ಪಯಣದ ವೇಳೆ ತಗ್ಗಿತು, ಇದು ನಿಜವಾದ ಲಾಭ. ಆದರೆ ರಸ್ತೆಯ ಒಂದು ಮಗ್ಗುಲಿನ ಹಳ್ಳಿಗೆ ಮತ್ತೊಂದು ಮಗ್ಗುಲಿನ ಹೊಲ ದೂರವಾಯಿತು. ಬೇಲಿ ದಾಟುವವರ ಜೀವಕ್ಕೆ ಅಪಾಯ ಒದಗಿತು, ಪಾದಚಾರಿಗಳ ಮೇಲ್ಸೇತುವೆ ಬೇಕೆಂಬ ಕೂಗು ಎದ್ದಿತು. ಅಪಘಾತಗಳು ಹೆಚ್ಚಿದ ಮೇಲೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರು ಮೊದಲಾದವುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧವಾಯಿತು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ ಇವೆಲ್ಲವೂ ದಾರಿಹೋಕನನ್ನು ನಂಬಿದ್ದ ವ್ಯಾಪಾರಗಳು. ಹೊಸ ದಾರಿ ಊರನ್ನು ಬಳಸಿ ಹೋದಾಗ ಆ ಅಂಗಡಿಗಳಿಗೆ ತಟ್ಟಿದ ಪೆಟ್ಟು ಯಾವ ನಕ್ಷೆಯಲ್ಲಿಯೂ ಕಾಣುವಂಥದಲ್ಲ.

ನಕ್ಷೆಯಲ್ಲಿ ಕಾಣದಿರುವುದಕ್ಕೆ ಎಂಜಿನಿಯರರ ಅನಾದರವೇ ಕಾರಣವೆಂದು ತಿಳಿಯುವುದು ಸರಿಯಲ್ಲ. ತೊಡಕಿರುವುದು ಎಣಿಕೆಯ ಕ್ರಮದಲ್ಲಿಯೇ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಮ್ಮ ದೇಶದ ರಸ್ತೆಗಳ ಅಳತೆ, ಪ್ರಮಾಣಗಳನ್ನು ನಿರ್ಣಯಿಸುತ್ತದೆ. ಗ್ರಾಮಾಂತರ ರಸ್ತೆಗಳ ಸಾಮರ್ಥ್ಯವನ್ನು ಕುರಿತ ಅದರ 1990ರ ಮಾರ್ಗಸೂಚಿಯಲ್ಲಿ ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತರುವ ಪಟ್ಟಿಯೊಂದಿದೆ. ಕಾರಿಗೆ 1, ಬೈಸಿಕಲ್ಲಿಗೂ ಮೋಟಾರು ಸೈಕಲ್ಲಿಗೂ ಅರ್ಧ, ಬಸ್ಸು ಲಾರಿಗಳಿಗೆ 3, ಟ್ರೈಲರು ಕಟ್ಟಿದ ಟ್ರ್ಯಾಕ್ಟರಿಗೆ 4.5, ಎತ್ತಿನ ಗಾಡಿಗೆ 8. ರಸ್ತೆಯಲ್ಲಿ ಯಾವುದು ಎಷ್ಟು ಎಡೆಯನ್ನು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಮೇಲೆ ಮಾಡಿದ ಲೆಕ್ಕವಾದುದರಿಂದ ಇದು ತರ್ಕಬದ್ಧವೇ ಸರಿ. ಆದರೆ ಎಂಟು ಕಾರುಗಳಿಗೆ ಸಮನಾದ ಎತ್ತಿನ ಗಾಡಿಗೂ ಸ್ಥಾನವಿರುವ ಈ ಪಟ್ಟಿಯಲ್ಲಿ ನಡೆಯುವವನಿಗೆ ಅಂಕವಿಲ್ಲ. ಅರವತ್ತು ಜನರಿರುವ ಬಸ್ಸಿಗೆ 3, ಒಬ್ಬನೇ ಕುಳಿತ ಕಾರಿಗೆ 1 ಎಂಬಲ್ಲಿ ಎಣಿಕೆಯಾದದ್ದು ಗಾಲಿಗಳೇ ಹೊರತು ಜನರಲ್ಲ.

ಈ ವಿಷಯದಲ್ಲಿ ಕೌಟಿಲ್ಯನು ಹೆಚ್ಚು ಜಾಗರೂಕನೆಂದು ತೋರುತ್ತದೆ. ಅರ್ಥಶಾಸ್ತ್ರದ ದುರ್ಗನಿವೇಶ ಪ್ರಕರಣದಲ್ಲಿ ರಥದ ದಾರಿಗೆ ಐದು ಅರತ್ನಿ, ಪಶುಗಳ ದಾರಿಗೆ ನಾಲ್ಕು, ಮನುಷ್ಯರಿಗೂ ಸಣ್ಣ ಪ್ರಾಣಿಗಳಿಗೂ ಎರಡು ಅರತ್ನಿ ಎಂದು ಬೇರೆ ಬೇರೆಯಾಗಿ ವಿಧಿಸಿದೆ. ಎರಡು ಅರತ್ನಿಯೆಂದರೆ ಸುಮಾರು ಮೂರು ಅಡಿ. ಆ ದಾರಿಯನ್ನು ಅಡ್ಡಗಟ್ಟಿದವನಿಗೆ ಹನ್ನೆರಡು ಪಣ ದಂಡವೂ ಉಂಟು. ನಡೆಯುವವನಿಗೆ ರೋಡ್ಸ್ ಕಾಂಗ್ರೆಸ್ಸೇ ಬೇರೊಂದು ಸಂಪುಟದಲ್ಲಿ ಅಡೆತಡೆಯಿಲ್ಲದ 1.8 ಮೀಟರ್, ಎಂದರೆ ಆರು ಅಡಿ ಅಗಲದ ಕಾಲುಹಾದಿಯನ್ನು ಕನಿಷ್ಠವೆಂದು ಹೇಳಿದೆ. ಅಂಚುಗಲ್ಲು 150 ಮಿಲಿಮೀಟರಿಗಿಂತ ಎತ್ತರವಿರಬಾರದೆಂದೂ ಇದೆ. ಔದಾರ್ಯಕ್ಕೆ ಕೊರತೆಯಿಲ್ಲ. ವಾಹನದ ಲೆಕ್ಕ ಮುಗಿದ ಮೇಲೆ ಉಳಿದ ನೆಲದಲ್ಲಿ ಆ ಆರಡಿ ಸಿಕ್ಕುವುದು ಮಾತ್ರ ಅಪರೂಪ.

ದಾಟುದಾರಿಯ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೂಡಿನಿಂದ ದೂರದ ನಡುರಸ್ತೆಯಲ್ಲಿ ನಿಯಂತ್ರಿತವಾದ ದಾಟುದಾರಿ ಬೇಕೇ ಎಂದು ತೀರ್ಮಾನಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರದಂತೆ, ಗಂಟೆಯೊಂದರಲ್ಲಿ ದಾಟುವ ಜನರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಗುಣಲಬ್ಧವು ಹತ್ತು ಕೋಟಿಯಾದರೆ ದಾಟುದಾರಿ ಬೇಕು. ಗಂಟೆಗೆ 1000 ವಾಹನಗಳಿದ್ದರೆ 100 ಜನ ಸಾಕು. 500 ವಾಹನಗಳಿದ್ದರೆ 400 ಜನ ಬೇಕು. ಲೆಕ್ಕ ಸರಿ. ಆದರೆ ರಸ್ತೆ ಭಯಂಕರವಾಗಿದ್ದಷ್ಟೂ ದಾಟುವವರು ಕಡಮೆಯಾಗುತ್ತಾರೆ. ಮಗುವನ್ನು ಒಂಟಿಯಾಗಿ ಕಳುಹಿಸಲು ತಾಯಿ ಒಪ್ಪುವುದಿಲ್ಲ. ಕೋಲು ಹಿಡಿದ ಅಜ್ಜ ಸಂತೆಗೆ ಹೋಗುವುದನ್ನೇ ಬಿಡುತ್ತಾನೆ. ಎಣಿಸುವವನು ಬಂದಾಗ ಇವರಾರೂ ಅಲ್ಲಿಲ್ಲ, ಆದಕಾರಣ ದಾಟುದಾರಿಯೂ ಬೇಡವೆಂದಾಗುತ್ತದೆ. ಭಯದಿಂದ ಬಾರದವರು ಅಗತ್ಯವಿಲ್ಲದವರ ಲೆಕ್ಕಕ್ಕೆ ಸೇರಿಹೋಗುತ್ತಾರೆ.

ಎಣಿಕೆಯ ಕಾಲವೂ ಮುಖ್ಯ. ಗ್ರಾಮಾಂತರ ರಸ್ತೆಗಳಲ್ಲಿ ವರ್ಷಕ್ಕೆ ಎರಡು ಬಾರಿ, ಬೆಳೆ ಮಾರಾಟದ ಹಂಗಾಮಿನಲ್ಲಿ ಒಮ್ಮೆ, ಬಿಡುವಿನ ಕಾಲದಲ್ಲಿ ಒಮ್ಮೆ, ಏಳೇಳು ದಿನ ಹಗಲಿರುಳು ಎಣಿಸಬೇಕೆಂದು 1972ರಷ್ಟು ಹಿಂದೆಯೇ ಮಾರ್ಗಸೂಚಿಯಾಗಿದೆ. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳಿಗೆ ಇದು ಬಹಳ ಸಲ್ಲುವ ಮಾತು. ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದಗಳ ತಂಬಾಕು ಹರಾಜು ನಡೆಯುವ ತಿಂಗಳುಗಳಲ್ಲಿ ಇರುವ ರಸ್ತೆ ಬೇರೆ, ಮೇ ತಿಂಗಳಿನ ರಸ್ತೆ ಬೇರೆ. ಮಸಣಿಕಮ್ಮನ ಜಾತ್ರೆಯ ದಿನ, ಸಂತೆಯ ದಿನ, ಶಾಲೆ ಬಿಡುವ ಹೊತ್ತು ಇವನ್ನು ಬಿಟ್ಟು ಮಾಡಿದ ಸರಾಸರಿ ಯಾವ ದಿನದ ಸತ್ಯವೂ ಅಲ್ಲ.

ಎಣಿಕೆ ಸರಿಯಾದ ಮೇಲೆ ವಿನ್ಯಾಸ ಅಷ್ಟು ಕಠಿಣವಲ್ಲ. 14 ಮೀಟರ್ ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರಿನಂತೆ ನಡೆಯುವವನು ದಾಟಲು ಸುಮಾರು 12 ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸುಮಾರು 200 ಮೀಟರ್ ಬಂದಿರುತ್ತದೆ. ದಾಟುವವನು ಅಷ್ಟು ದೂರದ ವಾಹನವನ್ನು ನೋಡಿ ಅಳೆಯಬೇಕು. ರಸ್ತೆಯ ನಡುವೆ ಇಬ್ಬರು ನಿಲ್ಲುವಷ್ಟು ಸುರಕ್ಷಿತವಾದ ದಿಣ್ಣೆಯೊಂದಿದ್ದರೆ ಒಂದು ಸಲಕ್ಕೆ 7 ಮೀಟರ್ ಮಾತ್ರ. ನೋಡಬೇಕಾದ ದೂರ 100 ಮೀಟರಿಗೆ ಇಳಿಯುತ್ತದೆ. ವೇಗವೂ 30 ಕಿಲೋಮೀಟರಿಗೆ ತಗ್ಗಿದರೆ 50 ಮೀಟರ್ ಸಾಕು. ಏಳನೆಯ ತರಗತಿಯ ಮಕ್ಕಳು ಮಾಡಬಹುದಾದ ಈ ಲೆಕ್ಕದಲ್ಲಿ ಒಂದು ಜೀವದ ಅಳಿವು ಉಳಿವು ಅಡಗಿದೆ.

ಮೂಲೆಯ ತಿರುವೂ ಹಾಗೆಯೇ. ವಿಶಾಲವಾಗಿ ಬಾಗಿಸಿದರೆ ಲಾರಿಗೆ ಸುಖ, ಆದರೆ ಕಾರುಗಳು ವೇಗ ತಗ್ಗಿಸದೆಯೇ ತಿರುಗುತ್ತವೆ, ದಾಟುವ ದೂರವೂ ಹೆಚ್ಚುತ್ತದೆ. ಬಿಗಿಯಾಗಿಸಿದರೆ ಮರದ ದಿಮ್ಮಿ ಹೊತ್ತ ಲಾರಿ ತಿರುಗಲಾರದು. ತಿರುವಿನ ಒಳಮೂಲೆಯ ಭಾಗಕ್ಕೆ ಒರಟು ಕಲ್ಲುಗಳನ್ನು ತುಸು ಎತ್ತರಿಸಿ ಹಾಸುವುದು ಇದಕ್ಕೆ ಉಪಾಯ. ಲಾರಿಯ ಹಿಂಗಾಲಿ ಅದನ್ನು ಹತ್ತಿ ಇಳಿಯುತ್ತದೆ, ಕಾರಿನವನು ತಾನಾಗಿಯೇ ಅದನ್ನು ಬಿಟ್ಟು ನಿಧಾನವಾಗಿ ತಿರುಗುತ್ತಾನೆ. ನಾಲ್ದಾರಿಯ ನಡುವೆ ವೃತ್ತವನ್ನು ಕಟ್ಟಿದರೆ ವಾಹನಗಳು ಒಂದಕ್ಕೊಂದು ಎದುರಾಗಬಹುದಾದ ಬಿಂದುಗಳು 32ರಿಂದ 8ಕ್ಕೆ ಇಳಿಯುವುವೆಂಬುದು ಪ್ರಸಿದ್ಧ. ಆದರೆ ಎಲ್ಲ ಊರಿಗೂ ಅಷ್ಟು ನೆಲವಿರುವುದಿಲ್ಲ. ವೃತ್ತವನ್ನು ಪ್ರತಿಮೆಯ ಪೀಠವೆಂದೇ ಭಾವಿಸಿ ನೋಟಕ್ಕೆ ಅಡ್ಡವಾಗುವಂತೆ ಕಟ್ಟುವುದರಿಂದ ಇರುವ ಗುಣವೂ ಕೆಡುತ್ತದೆ.

ಮೂಲೆಯಲ್ಲಿ ಹೂವು, ಹಣ್ಣು, ಸೊಪ್ಪು ಮಾರುವವರನ್ನು ಎಬ್ಬಿಸುವುದೇ ಸುಧಾರಣೆಯ ಮೊದಲ ಹೆಜ್ಜೆಯೆಂಬ ಭಾವನೆ ಇನ್ನೂ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಇದಕ್ಕೆ ಒಪ್ಪುವುದಿಲ್ಲ. ಅದರಂತೆ ಮೊದಲು ಸಮೀಕ್ಷೆಯಾಗಬೇಕು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ನೂರಕ್ಕೆ 40ಕ್ಕೆ ಕಡಮೆಯಿರಬಾರದು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಹೆದ್ದಾರಿಗೆ ನೆಲ ಪಡೆಯುವ 1956ರ ಕಾಯಿದೆಯಲ್ಲಿಯೂ ಪ್ರಕಟಣೆಯಾದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸುವ ಅವಕಾಶವಿದೆ. ಆದರೆ ಅದು ನೆಲದಲ್ಲಿ ಹಕ್ಕುಳ್ಳವರಿಗೆ. ಮರದ ನೆರಳಿನಲ್ಲಿ ಬಸ್ಸಿಗೆ ಕಾಯುವವಳಿಗೆ ಅಲ್ಲಿ ಒಂದಂಗುಲ ನೆಲವೂ ಇಲ್ಲ. ಮರ ಹೋದರೆ ಆಕ್ಷೇಪಿಸುವ ಹಕ್ಕೂ ಆಕೆಗಿಲ್ಲ. ಮೇಲಾಗಿ ಹೆದ್ದಾರಿ ಕೇಂದ್ರದ್ದು, ಕವಲುರಸ್ತೆ ಲೋಕೋಪಯೋಗಿ ಇಲಾಖೆಯದು, ಚರಂಡಿ ದೀಪಗಳು ಪುರಸಭೆಯವು, ಬಸ್ಸು ಸಾರಿಗೆ ನಿಗಮದ್ದು. ಒಂದು ಕೂಡಿಗೆ ನಾಲ್ವರು ಯಜಮಾನರು. ಅವರೆಲ್ಲರನ್ನೂ ಒಂದು ದಿನ ಅದೇ ಮೂಲೆಯಲ್ಲಿ ನಿಲ್ಲಿಸಿ ಮಾತನಾಡಿಸುವುದು, ನಕ್ಷೆ ಅಂತಿಮವಾಗುವ ಮುನ್ನ ಊರವರು ಮಾಡಿಕೊಳ್ಳಬೇಕಾದ ಮುಖ್ಯ ಕೆಲಸ.

ಆ ಸಭೆಗೆ ಬರಿಗೈಯಲ್ಲಿ ಹೋಗಬಾರದು. ಶಾಲೆಗಳು ಇಲ್ಲಿ ಮಾಡಬಹುದಾದುದು ಬಹಳವಿದೆ. ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಪ್ರೌಢಶಾಲೆಯ ಮಕ್ಕಳು ರಸ್ತೆಯಿಂದ ದೂರದ ಸುರಕ್ಷಿತ ಸ್ಥಳದಲ್ಲಿ ಕುಳಿತು, ಹರಾಜಿನ ಹಂಗಾಮಿನ ಒಂದು ವಾರ, ಬೇಸಗೆಯ ಒಂದು ವಾರ ಎಣಿಸಬಹುದು. ಹಾಳೆಯಲ್ಲಿ ವಾಹನಗಳ ಅಂಕಣಗಳ ಪಕ್ಕದಲ್ಲಿ ಇನ್ನು ಕೆಲವು ಅಂಕಣಗಳಿರಲಿ: ಮಕ್ಕಳು, ಮುದುಕರು, ತಲೆಹೊರೆಯವರು, ಊರುಗೋಲಿನವರು, ದನ ಹೊಡೆದುಕೊಂಡು ಬರುವವರು. ಮನೆಯಲ್ಲಿ ಕೇಳಿ ಬರೆಯಬೇಕಾದ ಒಂದು ಅಂಕಣವೂ ಇರಲಿ: ದಾಟಲು ಅಂಜಿ ಬಾರದೆ ಉಳಿದವರು. ಬಸ್ಸು ಕೂಡಿಗೆ ಮುಂಚೆ ನಿಲ್ಲುತ್ತದೆಯೋ, ದಾಟಿದ ಮೇಲೆ ನಿಲ್ಲುತ್ತದೆಯೋ ಎಂಬುದನ್ನೂ ಗುರುತಿಸಬೇಕು. ಮುಂಚೆ ನಿಂತರೆ ಇಳಿದವರು ಬಸ್ಸಿನ ಮುಂದೆ ಹಾಯುತ್ತಾರೆ, ಬಸ್ಸನ್ನು ಹಿಂದೆ ಹಾಕಿ ಬರುವ ವಾಹನಕ್ಕೆ ಅವರು ಕಾಣುವುದಿಲ್ಲ. ದಾಟಿ ನಿಂತರೆ ಅವರು ಬಸ್ಸಿನ ಹಿಂದಿನಿಂದ, ಕೂಡಿನ ದಾಟುದಾರಿಗೇ ಬರುತ್ತಾರೆ. ತಂಗುದಾಣವನ್ನು ಮೂವತ್ತು ನಲವತ್ತು ಮೀಟರ್ ಸರಿಸುವುದಕ್ಕೆ ಹೆದ್ದಾರಿಯ ಕಾಮಗಾರಿ ಆರಂಭವಾಗುವವರೆಗೆ ಕಾಯಬೇಕಾಗಿಲ್ಲ.